ಬಾರ್ಸಲು ಬೇಲಿಯೊಳಗಿನ ಜಾಗ

೨೨ ಜನವರಿ ೧೯೭೨, ಶನಿವಾರ

ಸಂಜೆ ಐದು ಗಂಟೆ. ಹೊರಗೆ ಆಗಲೇ ಕತ್ತಲು. ಬೆಳಿಗ್ಗೆ ನನ್ನ ಗಂಡ ಕ್ಲೋವಿಸ್‌ನ ಸಾವಿನ ಪೂಜೆ ಆಯಿತು. ಆಮೇಲೆ ಪೆಟ್ಟಿಗೆಯನ್ನು ಚರ್ಚಿನ ಹಿಂದಿನ ಕಲ್ಲುಕೋಣೆಯಲ್ಲಿ ಇಟ್ಟು ಬಾಗಿಲು ಹಾಕಿದರು. ನೆಲ ಹೆಪ್ಪುಗಟ್ಟಿದೆ, ಮೇ ತಿಂಗಳಿಗೆ ಮುಂಚೆ ಯಾರನ್ನೂ ಮಣ್ಣು ಮಾಡುವಂತಿಲ್ಲ. ಒಳಗೆ ಅವನಿಗಿಂತ ಮೊದಲೇ ಹೋದ ಇಬ್ಬರಿದ್ದಾರೆ. ಹಾಲಿನವನ ತಾಯಿ, ಮತ್ತೆ ಮೇಲಿನ ರಸ್ತೆಯ ಮುದುಕ ತಿಬೋ. ಕ್ಲೋವಿಸ್‌ಗೂ ತಿಬೋಗೂ ಆಗುತ್ತಿರಲಿಲ್ಲ. ಮೇ ತನಕ ಹೇಗೋ ಹೊಂದಿಕೊಂಡು ಹೋಗಬೇಕು.

ನದಿಯಲ್ಲಿ ಹಿಡಿದು ಮಾರುತ್ತಿದ್ದ ಹಾವುಮೀನಿನ ಲೆಕ್ಕಕ್ಕೆಂದು ಅವನು ತಂದಿಟ್ಟಿದ್ದ ಪುಸ್ತಕದಲ್ಲಿ ಹಿಂದಿನ ಹಾಳೆಯಿಂದ ಬರೆಯುತ್ತಿದ್ದೇನೆ. ಮಾತಾಡಲು ಯಾರೂ ಇಲ್ಲ ಎಂದಲ್ಲ. ಮಾತು ಬರುತ್ತಿಲ್ಲ.

ಪೂಜೆಯ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟವಿತ್ತು. ಓನೊರಿನ್ ಬಾರ್ಸಲು ಕೋಲೂರಿಕೊಂಡು ಬಂದು ನನ್ನ ಎದುರಿಗೇ ಕೂತರು. ಎಂಬತ್ತಾಯಿತು ಅವರಿಗೆ. ನನಗೆ ಓದಲು ಬರೆಯಲು ಕಲಿಸಿದವರು ಅವರೇ. ನಾನು ಶಾಲೆ ಬಿಟ್ಟು ಅರ್ಧ ಶತಮಾನವಾದರೂ ಅವರು ಎದುರಿಗೆ ಬಂದರೆ ಉಗುರು ಶುಚಿಯಾಗಿವೆಯೇ ಎಂದು ನೋಡಿಕೊಳ್ಳುತ್ತೇನೆ.

"ಮೇ ತಿಂಗಳಲ್ಲಿ ಎಲ್ಲಿಡ್ತೀಯೇ ಅವನನ್ನ?" ಎಂದರು.

"ಬೇಲಿಯೊಳಗೆ, ಟೀಚರಮ್ಮ. ನದಿ ಕಡೆ. ಅವರಜ್ಜ ಒನೆಜಿಮ್ ಪಕ್ಕ."

"ಯಾವ ಬೇಲಿ? ನಮ್ಮ ಬೇಲೀನಾ? ಅಲ್ಲಿ ಕಲ್ಲಿನ ಮೇಲೆ ಏನು ಕೆತ್ತಿದೆ, ಹೇಳು ನೋಡೋಣ. ಬಾರ್ಸಲು. ನಿನ್ನ ಗಂಡ ಯಾರು? ಲಾತೆರರ್. ಅವರಜ್ಜನ ಅಪ್ಪ ಎಲ್ಲಿಂದಲೋ ಓಡಿಬಂದ ಸಿಪಾಯಿ, ನಮ್ಮನೇಲಿ ಆಳಾಗಿದ್ದ. ಅವನ ಮಗನಿಗೆ ಪಾಪ ಅಂತ ಒಂದು ಮೂಲೆ ಕೊಟ್ರು. ಪಾಪ ಅನ್ನೋದು ಒಂದ್ಸಲ ಸಾಕು."

ಸುತ್ತ ಇದ್ದವರು ತಟ್ಟೆ ನೋಡಿದರು.

ಚರ್ಚಿನ ಸ್ಮಶಾನದಲ್ಲಿ ಬಾರ್ಸಲು ಮನೆತನದ ಗೋರಿಗಳ ಸುತ್ತ ಇರುವ ಆ ಕಬ್ಬಿಣದ ಬೇಲಿಗೆ ಕ್ಲೋವಿಸ್ ಪ್ರತಿ ಬೇಸಿಗೆ ಕಪ್ಪು ಬಣ್ಣ ಬಳಿಯುತ್ತಿದ್ದ. ಕಂಡವರ ಬೇಲಿಗೆ ಬಣ್ಣ ಹೊಡೆಯುತ್ತಾನೆ ಎಂದು ಊರೆಲ್ಲ ನಗುತ್ತಿತ್ತು. "ಇದು ನಮ್ದೇ ಕಣೇ. ಯಾಕೆ ಅಂತ ಅಪ್ಪನಿಗೂ ಗೊತ್ತಿರಲಿಲ್ಲ. ಆದ್ರೆ ನಮ್ದು," ಎನ್ನುತ್ತಿದ್ದ. ಇನ್ನು ಇಬ್ಬರಿಗೆ ಮಾತ್ರ ಜಾಗ ಉಳಿದಿದೆ ಅಲ್ಲಿ. ಒಮ್ಮೆ ಬಣ್ಣದ ಕುಂಚದಿಂದಲೇ ತೋರಿಸಿದ್ದ, ಇದು ನನಗೆ, ಇದು ನಿನಗೆ ಎಂದು. ಲಾತೆರರ್ ಎಂದರೆ ಭಯಂಕರ. ಬಚ್ಚಲಲ್ಲಿ ಜಾರಿಬಿದ್ದ ಜೇಡವನ್ನು ಕಾಗದದ ಮೇಲೆ ಹತ್ತಿಸಿಕೊಂಡು ಅಂಗಳಕ್ಕೆ ಬಿಟ್ಟುಬರುತ್ತಿದ್ದ ಭಯಂಕರ.

ಅವನ ಬೂಟು ಬಾಗಿಲ ಬಳಿ ಹಾಗೇ ಇದೆ. ಮುಟ್ಟಲಾಗಲಿಲ್ಲ. ಅವನನ್ನು ಅವನು ಹೇಳಿದ ಜಾಗದಲ್ಲೇ ಇಡುತ್ತೇನೆ. ಪಕ್ಕದ್ದು ನನ್ನದು. ಅದಕ್ಕೂ ಬಹಳ ದಿನ ಕಾಯುವುದು ಬೇಡ ಎನಿಸುತ್ತದೆ.

೨ ಫೆಬ್ರವರಿ, ಬುಧವಾರ

ಮಧ್ಯಾಹ್ನ ಫಾದರ್ ರೆಜಾನ್ ಬಂದಿದ್ದರು. ಚಿಕ್ಕ ವಯಸ್ಸು, ನಿಲುವಂಗಿಯ ಬದಲು ಸ್ವೆಟರ್ ಹಾಕುತ್ತಾರೆ, ಪೂಜೆಯಲ್ಲಿ ಗಿಟಾರ್ ಬಾರಿಸುತ್ತಾರೆ. ಇವತ್ತು ಚರ್ಚಿನಲ್ಲಿ ಮೇಣದಬತ್ತಿಯ ಹಬ್ಬ, ಮನೆಮನೆಯಲ್ಲೂ ಗೋಧಿ ದೋಸೆ ಹುಯ್ಯುವ ದಿನ ಎಂದು ನನಗೆ ನೆನಪೇ ಇರಲಿಲ್ಲ. ಅವರು ಕಾವಲಿಯ ಕಡೆ ನೋಡಿದ ಮೇಲೆ ಎರಡು ಹುಯ್ದು ಕೊಟ್ಟೆ.

ಚರ್ಚಿನ ಹಿರಿಯರ ತೀರ್ಮಾನ ತಿಳಿಸಲು ಬಂದಿದ್ದರು. ಬೇಲಿ ಹಾಕಿಸಿದವನು ಓಗುಸ್ತಾನ್ ಬಾರ್ಸಲು. ಅವನ ನೇರ ವಂಶದವರಿಗೆ, ಅವರನ್ನು ಮದುವೆಯಾದವರಿಗೆ ಮಾತ್ರ ಅಲ್ಲಿ ಜಾಗ. ಈಗ ಉಳಿದಿರುವವರು ಓನೊರಿನ್ ಒಬ್ಬರೇ, ಅವರು ಬೇಡ ಎಂದಿದ್ದಾರೆ. ಕ್ಲೋವಿಸ್ ಕೂಡ ಓಗುಸ್ತಾನನ ವಂಶದವನು ಎಂದು ನೆಲ ಕರಗುವುದರೊಳಗೆ ತೋರಿಸಿದರೆ ಸರಿ. ಇಲ್ಲವಾದರೆ ಹೆದ್ದಾರಿಯಾಚೆಯ ಹೊಸ ಸ್ಮಶಾನ.

"ಅಲ್ಲಿ ನದಿ ಕಾಣ್ಸಲ್ಲ, ಫಾದರ್."

"ಕಾಣಲ್ಲ ನಿಜ. ಆದ್ರೆ ಪಾರ್ಕಿಂಗ್ ಚೆನ್ನಾಗಿದೆ," ಎಂದರು. ಹೇಳಿದ ಮೇಲೆ ಅವರಿಗೇ ನಾಚಿಕೆಯಾಯಿತು, ಇನ್ನೊಂದು ದೋಸೆ ಕೇಳಿದರು.

ಊರು ಹುಟ್ಟಿದಾಗಿನಿಂದ ನಡೆದ ನಾಮಕರಣ, ಮದುವೆ, ಸಾವು ಎಲ್ಲವನ್ನೂ ಬರೆದಿಟ್ಟ ಪುಸ್ತಕಗಳು ಅವರ ಮನೆಯ ಕಪಾಟಿನಲ್ಲಿವೆ. ಮಂಗಳವಾರ, ಶುಕ್ರವಾರ ಬಂದು ಓದಬಹುದಂತೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಹಾಗಂತ ಹೇಳಿದೆ. ನಿಧಾನವಾಗಿ ಓದಿದರಾಯಿತು, ಸತ್ತವರಿಗೆ ಆತುರವಿಲ್ಲ ಎಂದರು.

ನನಗಿದೆ.

೮ ಫೆಬ್ರವರಿ, ಮಂಗಳವಾರ

ಪಾದ್ರಿಮನೆಯ ಊಟದ ಮೇಜಿನ ಮೇಲೆ ಪುಸ್ತಕ ಹರಡಿ ಕೂತಿದ್ದೆ. ಬಾಗಿಲು ತೆರೆಯಿತು, ಕೋಲಿನ ಸದ್ದು. ಓನೊರಿನ್. ಹೆಣಿಗೆಯ ಚೀಲ ಕೆಳಗಿಟ್ಟು ಎದುರಿನ ಕುರ್ಚಿಯಲ್ಲಿ ಕೂತರು.

"ಏನ್ ಟೀಚರಮ್ಮ, ಇಲ್ಲಿ?"

"ಕಾವಲಿಗೆ. ನೀನು ಹಾಳೆ ಹರ್ಕೊಂಡು ಹೋದ್ರೆ?"

"ಕಣ್ಣು ಕಾಣದವರು ಏನು ಕಾವಲು ಕಾಯ್ತೀರಿ?"

"ಹರಿದ್ರೆ ಸದ್ದು ಕೇಳ್ಸುತ್ತೆ."

ಎರಡು ಕಣ್ಣಿಗೂ ಪೊರೆ ಬಂದಿದೆ ಅವರಿಗೆ. ಹೆಣಿಗೆಯನ್ನು ಬೆರಳಿನಲ್ಲೇ ತಡವಿಕೊಂಡು ಹೆಣೆಯುತ್ತಾರೆ. ಸಂಜೆವರೆಗೆ ಅವರು ಹೆಣೆದರು, ನಾನು ಓದಿದೆ. ಪಾದ್ರಿಗಳ ಹಳೆಯ ಬರವಣಿಗೆ ಮುಳ್ಳುಬೇಲಿಯ ಹಾಗಿದೆ. ಎರಡು ಪುಟ ಮುಗಿಸುವಷ್ಟರಲ್ಲಿ ತಲೆನೋವು ಬಂತು.

೧೫ ಫೆಬ್ರವರಿ, ಮಂಗಳವಾರ

ಸದ್ದಿಲ್ಲದೆ ಓದಲು ನನಗೆ ಬರುವುದಿಲ್ಲ, ತುಟಿ ಆಡುತ್ತದೆ, ದನಿಯೂ ಹೊರಡುತ್ತದೆ. ಒಂದು ಸಾಲಿನಲ್ಲಿ ಸಿಕ್ಕಿಕೊಂಡು ಅದನ್ನೇ ಮೂರು ಬಾರಿ ಓದಿದೆ. ಓನೊರಿನ್ ಹೆಣಿಗೆಯ ಕಡ್ಡಿಯನ್ನು ಮೇಜಿಗೆ ಕುಟ್ಟಿದರು.

"ಅಯ್ಯೋ ಕತ್ತೆ, ಅದು ಸಾಕ್ಷಿ ಹೇಳೋ ಮಾತು. ಎಲ್ಲಾ ಪುಟದಲ್ಲೂ ಅದೇ ಇರುತ್ತೆ. ಹಾರಿಸಿ ಓದು. ಅಪ್ಪ ಅಮ್ಮ ಯಾರು, ಅದು ನೋಡು."

"ಕತ್ತೆಗೆ ಕಲಿಸಿದ್ದು ಯಾರು, ಟೀಚರಮ್ಮ?"

"ಅದಕ್ಕೇ ನಂಗೆ ಸಿಟ್ಟು."

ಹಾರಿಸಿ ಓದಿದೆ. ಬೇಗ ಬೇಗ ಆಯಿತು.

೨೯ ಫೆಬ್ರವರಿ, ಮಂಗಳವಾರ

ಹಿಮಗಾಳಿ. ಹೋಗಲಿಲ್ಲ. ಏನೂ ತಿನ್ನಲಿಲ್ಲ.

೧೦ ಮಾರ್ಚ್, ಶುಕ್ರವಾರ

ಸಂಜೆ ಆರು. ಕ್ಲೋವಿಸ್‌ನ ಅಜ್ಜ ಒನೆಜಿಮ್‌ನ ನಾಮಕರಣ ಸಿಕ್ಕಿತು. ಹದಿನೆಂಟು ನೂರ ನಲವತ್ತೆಂಟು. ಅಪ್ಪ ಜೆರ್ಮೇನ್ ಲಾತೆರರ್, ಅಮ್ಮ ಸ್ಕೋಲಾಸ್ತಿಕ್ ಪಿನೆ. ಗಟ್ಟಿಯಾಗಿ ಓದಿದೆ.

ಇನ್ನು ಈ ಜೆರ್ಮೇನ್‌ನ ಮದುವೆ ಸಿಕ್ಕರೆ ಅವನ ಅಪ್ಪ ಯಾರೆಂದು ತಿಳಿಯುತ್ತದೆ. ಪ್ರತಿ ವರ್ಷದ ಕೊನೆಯಲ್ಲೂ ಮದುವೆಯಾದ ಗಂಡಸರ ಹೆಸರುಗಳನ್ನು ಬರೆದಿಟ್ಟಿದ್ದಾರೆ. ಇಪ್ಪತ್ತು ವರ್ಷಗಳಷ್ಟು ನೋಡಿದೆ. ಲಾತೆರರ್ ಎಂಬ ಹೆಸರೇ ಇಲ್ಲ.

"ಮದ್ವೆನೇ ಆಗಿರಲ್ಲ ಬಿಡು," ಎಂದರು ಓನೊರಿನ್. "ಸಿಪಾಯಿಗಳ ಕತೆ ಎಲ್ಲಾ ಅಷ್ಟೇ."

ಪುಸ್ತಕ ಮುಚ್ಚಿ ಎದ್ದೆ. ಮನೆಗೆ ಬರುವ ದಾರಿಯಲ್ಲಿ ಕಲ್ಲುಕೋಣೆಯ ಬಳಿ ನಿಂತೆ. ಹಿಮ ಬಾಗಿಲಿನ ಅರ್ಧಕ್ಕೆ ಬಂದಿದೆ. ಒಳಗೆ ಅವನ ಪಕ್ಕ ನನ್ನದೂ ಒಂದು ಪೆಟ್ಟಿಗೆ ಇದ್ದಿದ್ದರೆ ಈ ತಾಪತ್ರಯ ಯಾವುದೂ ಇರುತ್ತಿರಲಿಲ್ಲ. ಬೇರೆ ಯಾರಾದರೂ ಹುಡುಕಿಕೊಳ್ಳುತ್ತಿದ್ದರು, ಇಲ್ಲವೇ ಬಿಡುತ್ತಿದ್ದರು.

೨೪ ಮಾರ್ಚ್, ಶುಕ್ರವಾರ

ಎರಡು ವಾರ ಹೋಗಿರಲಿಲ್ಲ. ಇವತ್ತು ಪುಸ್ತಕಗಳು ಇನ್ನು ಬೇಡ, ಕಪಾಟಿಗೆ ಸೇರಿಸಿ ಎಂದು ಹೇಳಲು ಹೋದೆ. ಫಾದರ್ ರೆಜಾನ್ ಈ ವರ್ಷದ ಪುಸ್ತಕದಲ್ಲಿ ಕ್ಲೋವಿಸ್‌ನ ಸಾವನ್ನು ಬರೆದಿಟ್ಟಿದ್ದರು. ನೋಡಿ ಎಂದು ತಿರುಗಿಸಿದರು. "ಕ್ಲೋವಿಸ್ ಲಾತೆರರ್, ದೆಲಿಮಾ ಪ್ಲೂರ್ದ್‌ಳ ಗಂಡ."

ನನಗೆ ಸಿಟ್ಟು ಬಂತು. "ನಲವತ್ತು ವರ್ಷದಿಂದ ನಾನು ಮದಾಮ್ ಲಾತೆರರ್. ಪ್ಲೂರ್ದ್ ಅನ್ನೋ ಹೆಸರನ್ನ ಅಪ್ಪನ ಮನೇಲೇ ಬಿಟ್ಟುಬಂದೆ. ಅವನು ಸತ್ತ ತಕ್ಷಣ ನನ್ನನ್ನ ಅಪ್ಪನ ಮನೆಗೆ ಕಳಿಸ್ತೀರಾ?"

"ಅಯ್ಯೋ, ಹಾಗಲ್ಲ ಮದಾಮ್. ಅಂಗಡೀಲಿ, ಬೀದೀಲಿ ನೀವು ಲಾತೆರರ್. ಈ ಪುಸ್ತಕದಲ್ಲಿ ಮಾತ್ರ ಹೆಂಗಸು ಹುಟ್ಟಿದ ಹೆಸರಲ್ಲೇ ಸಾಯ್ತಾಳೆ. ಮೊದಲಿಂದ್ಲೂ ಹಾಗೇ."

ಸಿಟ್ಟಿನಲ್ಲೇ ಮನೆಗೆ ಬಂದೆ. ಆಲೂಗಡ್ಡೆ ಸುಲಿಯುತ್ತಾ ಕೂತಾಗ ಕೈ ನಿಂತಿತು.

ಗಂಡಸರು ಈ ಊರಿನಲ್ಲಿ ಒಂದು ಹೆಸರು ಬಿಟ್ಟು ಇನ್ನೊಂದು ಹಾಕಿಕೊಂಡಿದ್ದಾರೆ. ಮೇಲಿನ ರಸ್ತೆಯವರನ್ನು ಒಂದು ಮನೆಯಲ್ಲಿ ಒಂದು, ಪಕ್ಕದ ಮನೆಯಲ್ಲಿ ಇನ್ನೊಂದು ಹೆಸರಿನಿಂದ ಕರೆಯುವುದನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಆದರೆ ಸ್ಕೋಲಾಸ್ತಿಕ್ ಪಿನೆ ಎಲ್ಲಿಗೆ ಹೋದರೂ ಸ್ಕೋಲಾಸ್ತಿಕ್ ಪಿನೆ. ನಾನು ಇಷ್ಟು ದಿನ ಗಂಡನನ್ನು ಹುಡುಕುತ್ತಿದ್ದೆ. ಹುಡುಕಬೇಕಾಗಿದ್ದದ್ದು ಹೆಂಡತಿಯನ್ನು.

ಪುಟ ಪುಟವೂ ಓದಬೇಕು. ಓದುತ್ತೇನೆ.

೨೮ ಮಾರ್ಚ್, ಮಂಗಳವಾರ

ಸಿಕ್ಕಳು.

ಹದಿನೆಂಟು ನೂರ ನಲವತ್ತನಾಲ್ಕು, ಫೆಬ್ರವರಿ. ಸ್ಕೋಲಾಸ್ತಿಕ್ ಪಿನೆಯ ಮದುವೆ. ಗಂಡ ಜೆರ್ಮೇನ್ ಬಾರ್ಸಲು, ಇಲೇರ್ ಬಾರ್ಸಲುವಿನ ಮಗ. ಇಲೇರ್ ಎಂದರೆ ಬೇಲಿಯೊಳಗಿನ ಕಲ್ಲಿನ ಮೇಲೆ ಓಗುಸ್ತಾನನ ಕೆಳಗೆ ಕೆತ್ತಿರುವ ಇಬ್ಬರು ಗಂಡುಮಕ್ಕಳಲ್ಲಿ ಮೊದಲನೆಯವನು. ಎರಡನೆಯವನು ಸಿಪ್ರಿಯನ್, ಓನೊರಿನ್ ಕಡೆಯವನು. ಗಟ್ಟಿಯಾಗಿಯೇ ಓದಿದೆ.

ಓನೊರಿನ್‌ರ ಕಡ್ಡಿಗಳು ನಿಂತವು.

"ಇನ್ನೊಂದ್ಸಲ ಓದು."

ಓದಿದೆ.

"ಇಲೇರ್‌ಗೆ ಮಕ್ಕಳೇ ಇರ್ಲಿಲ್ಲ ಅಂತ ನಮ್ಮಜ್ಜಿ ಹೇಳ್ತಿದ್ರು."

"ನಿಮ್ಮಜ್ಜಿ ಹೇಳ್ತಿದ್ರು. ಪುಸ್ತಕ ಬೇರೆ ಹೇಳ್ತಿದೆ."

ಅವರು ಮತ್ತೆ ಹೆಣೆಯತೊಡಗಿದರು. "ಏನಾಯ್ತು ಇದರಿಂದ? ಆ ಹೆಂಗಸು ಮೊದಲು ನಮ್ಮ ಜೆರ್ಮೇನ್‌ನ ಕಟ್ಕೊಂಡ್ಳು. ಅವನು ಸತ್ತ. ಆಮೇಲೆ ಸಿಪಾಯಿ ಜೆರ್ಮೇನ್‌ನ ಹಿಂದೆ ಹೋದ್ಳು. ಜೆರ್ಮೇನ್‌ಗಳಿಗೇನು ಬರವೇ? ಅವನೇ ಇವನು ಅಂತ ತೋರ್ಸು. ಆಗ ನೋಡೋಣ."

ತೋರಿಸುತ್ತೇನೆ ಎಂದೆ. ಮನೆಗೆ ಬಂದು ಒಂದು ತಟ್ಟೆ ಬಟಾಣಿ ಸೂಪು ಕುಡಿದು, ಇನ್ನೊಂದು ಹಾಕಿಕೊಂಡೆ.

೧೧ ಏಪ್ರಿಲ್, ಮಂಗಳವಾರ

ಸಂಜೆ ಐದು. ಇನ್ನೂ ಬೆಳಕಿದೆ. ಇವತ್ತು ನಡೆದದ್ದನ್ನು ಸರಿಯಾಗಿ ಬರೆಯಬೇಕು.

ಮದುವೆಯ ಮುಂದಿನ ವರ್ಷದ ನಾಮಕರಣಗಳನ್ನು ಓದುತ್ತಿದ್ದೆ. ಜೂನ್ ತಿಂಗಳ ಒಂದು ಪುಟದಲ್ಲಿ ಎರಡು ಮಕ್ಕಳು. ಮೇಲಿನದು ಜೆರ್ಮೇನ್ ಬಾರ್ಸಲುವಿನ ಮಗಳು, ಅವನ ಹೆಂಡತಿ ಬೇರೆ ಯಾರೋ. ಕೆಳಗಿನದೂ ಜೆರ್ಮೇನ್ ಬಾರ್ಸಲುವಿನ ಮಗಳು. ಆದರೆ ಪಾದ್ರಿ ಅಲ್ಲಿ ಹೆಸರಿನ ಮುಂದೆ ಇನ್ನೊಂದು ಹೆಸರು ಸೇರಿಸಿದ್ದರು. ಜೆರ್ಮೇನ್ ಬಾರ್ಸಲು, ಲಾತೆರರ್ ಎಂದೂ ಕರೆಯುವವನು. ಹೆಂಡತಿ ಸ್ಕೋಲಾಸ್ತಿಕ್ ಪಿನೆ. ಪಕ್ಕದ ಅಂಚಿನಲ್ಲಿ, ಅದು ಬಾರ್ಸಲು ಕುಲದ ಹಳೆಯ ಅಡ್ಡಹೆಸರು ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು.

ನಾನು ಬೆರಳಿಟ್ಟು ಅಕ್ಷರ ಅಕ್ಷರವಾಗಿ ಮತ್ತೆ ಓದಿದೆ.

"ಮೇಲಿನವನು ಯಾರ ಮಗ?" ಎಂದು ಓನೊರಿನ್ ಕೇಳಿದರು.

"ಅದು ಬರೆದಿಲ್ಲ. ಹೆಂಡತಿ ಒದಿಲ್ ಮಿಷೊ."

"ನಮ್ಮ ಮುತ್ತಜ್ಜಿ. ಅವನು ಸಿಪ್ರಿಯನ್‌ನ ಮಗ." ಬೆರಳುಗಳಿಂದ ಉಣ್ಣೆಯನ್ನು ಉಜ್ಜುತ್ತಾ ಕೂತರು. "ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳು. ಇಬ್ಬರಿಗೂ ಅಜ್ಜನ ಮನೇಲಿ ಒಂದೇ ಹೆಸರಿಟ್ಟಿದ್ದಾರೆ. ಒಂದೇ ರಸ್ತೇಲಿ ಮನೆ. ಒಂದೇ ವಾರ ಇಬ್ಬರ ಹೆಂಡ್ತೀರೂ ಹೆತ್ತಿದ್ದಾರೆ. ಪಾದ್ರಿಗೆ ತಲೆ ಕೆಟ್ಟಿರುತ್ತೆ."

ಅಷ್ಟೇ. ಗುರುತಿಗಾಗಿ ಒಬ್ಬನಿಗೆ ಹಳೆಯ ಕುಲದ ಅಡ್ಡಹೆಸರನ್ನು ಎತ್ತಿ ಕೊಟ್ಟಿದ್ದಾರೆ. ಆಮೇಲೆ ಅವನು ಲಾತೆರರ್ ಎಂದೇ ಉಳಿದ. ಮಕ್ಕಳೂ ಲಾತೆರರ್. ಸಿಪಾಯಿಯೂ ಇಲ್ಲ, ಆಳೂ ಇಲ್ಲ.

"ಎರಡು ಮನೆ ನಡುವೆ ಜಗಳಾನೂ ಇರ್ಲಿಲ್ಲ," ಎಂದರು ಓನೊರಿನ್. ಅದೇ ಅವರಿಗೆ ನುಂಗಲಾರದ ತುತ್ತಾಗಿತ್ತು. "ಕ್ಲೋವಿಸ್‌ನ ಅಪ್ಪ ಎದುರಿಗೆ ಬಂದ್ರೆ ನಮ್ಮಪ್ಪ ರಸ್ತೆ ದಾಟಿ ಆಚೆ ಕಡೆ ಹೋಗ್ತಿದ್ದ. ಚಳಿಗಾಲದಲ್ಲೂ. ಒಂದ್ಸಲ ಹಾಗೆ ದಾಟೋಕೆ ಹೋಗಿ ಕಾಲು ಮುರ್ಕೊಂಡ."

"ಅಡ್ಡಹೆಸರು ಹಳೇದು ಅಂದ್ರೆ ಅದು ನಿಮ್ಮದೂ ತಾನೆ? ನೀವೂ ಓನೊರಿನ್ ಲಾತೆರರ್."

"ಬಾಯ್ಮುಚ್ಚು."

"ಶಾಲೇಲಿ ನಾವೆಲ್ಲಾ ನಿಮ್ಮನ್ನ ಏನಂತ ಕರೀತಿದ್ವಿ ಗೊತ್ತಾ? ಭಯಂಕರ ಅಂತ. ಹೆಚ್ಚೂಕಡಿಮೆ ಅದೇ. ಮಕ್ಕಳಿಗೆ ಮೊದ್ಲೇ ಗೊತ್ತಿತ್ತು."

ಅವರು ನಕ್ಕಂತೆ ಕಂಡಿತು. ಇರಲಾರದು.

ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ನೀನು ಓದಿದ್ದನ್ನ ನಾನು ನಂಬಲ್ಲ ಕಣೇ. ನನ್ನ ಕಣ್ಣಲ್ಲಿ ನಾನೇ ಓದ್ಬೇಕು," ಎಂದರು. ಓದಲು ಕಣ್ಣೆಲ್ಲಿದೆ.

ಫಾದರ್‌ರನ್ನು ಕರೆದು ತೋರಿಸಿದೆ. ಅವರು ಅಡುಗೆಮನೆಗೆ ಓಡಿ ಎರಡು ಲೋಟ ವೈನ್ ತಂದರು. ಒಂದು ನನಗೆ ಎಂದು ಆಮೇಲೆ ತಿಳಿಯಿತು. ಕುಡಿದೆ.

೧೪ ಏಪ್ರಿಲ್, ಶುಕ್ರವಾರ

ಹಿರಿಯರು ಒಪ್ಪಿದರು. ಕ್ಲೋವಿಸ್‌ಗೆ ಬೇಲಿಯೊಳಗೆ ಜಾಗ. ಅವನ ಹೆಂಡತಿಯಾಗಿ ನನಗೂ ಹಕ್ಕಿದೆ ಎಂದರು. ಉಳಿದಿರುವುದು ಎರಡೇ, ಇನ್ನೊಂದನ್ನು ನೀವೂ ಓನೊರಿನ್‌ರೂ ತೀರ್ಮಾನಿಸಿಕೊಳ್ಳಿ ಎಂದರು. ಓನೊರಿನ್ ಬಂದಿರಲಿಲ್ಲ. ಅವರ ಕುರ್ಚಿ ಖಾಲಿ ಇತ್ತು. ಪುಸ್ತಕಗಳನ್ನು ಕಪಾಟಿಗೆ ಸೇರಿಸಿ ಬಂದೆ.

೧೮ ಏಪ್ರಿಲ್, ಮಂಗಳವಾರ

ಓನೊರಿನ್ ಹೊರಗೆ ಕಾಣಿಸಿಲ್ಲ ಎಂದು ಗೋರಿ ತೋಡುವ ಲುಜೆ ಹೇಳಿದ. ಅವನು ನದಿ ಕಡೆಯ ನೆಲಕ್ಕೆ ಸಲಾಕೆ ಚುಚ್ಚಿ ನೋಡುತ್ತಿದ್ದ. ಒಂದು ಗೇಣು ಮಾತ್ರ ಇಳಿಯುತ್ತದೆ ಇನ್ನೂ.

ಹೋಗಿ ನೋಡಿಬರೋಣ ಎಂದುಕೊಂಡೆ. ರಸ್ತೆಯೆಲ್ಲ ಕರಗಿದ ಹಿಮ, ಕೆಸರು. ಕ್ಲೋವಿಸ್‌ನ ಬೂಟು ಹಾಕಿಕೊಂಡು ಹೋದೆ, ಮುಂದೆ ಹಳೆಯ ಉಣ್ಣೆ ತುರುಕಿದರೆ ಸರಿಹೋಗುತ್ತದೆ. ಮೇಪಲ್ ಮರದ ಸಿಹಿಪಾಕ ಒಂದು ಡಬ್ಬಿ, ಹೊಗೆಗೆ ಕಟ್ಟಿದ ಹಾವುಮೀನು ಒಂದು ತುಂಡು ತಗೊಂಡೆ.

ಒಲೆ ಹಚ್ಚಿರಲಿಲ್ಲ. ಕೋಟು ಹಾಕಿಕೊಂಡೇ ಕೂತಿದ್ದರು.

"ಗೆದ್ದಿದ್ದೀಯಲ್ಲ, ಮತ್ಯಾಕೆ ಬಂದೆ?"

"ಒಲೆ ಯಾಕೆ ಹಚ್ಚಿಲ್ಲ?"

"ಬೇಕಾಗಿಲ್ಲ. ಹೊಸ ಸ್ಮಶಾನ ಹೇಗಿದೆ ಅಂತ ಅಭ್ಯಾಸ ಮಾಡ್ತಿದ್ದೀನಿ. ಅಲ್ಲಿ ಅಕ್ಕಪಕ್ಕದವರು ಯಾರೂ ನನಗೆ ಗುರುತಿಲ್ಲ, ದೆಲಿಮಾ. ಎಲ್ಲಾ ಹೆದ್ದಾರಿ ಕಡೆಯವರು. ನನ್ನ ಅಪ್ಪ, ಅಮ್ಮ, ತಂಗಿ ಎಲ್ಲಾ ಬೇಲಿಯೊಳಗಿದ್ದಾರೆ. ನಾನೊಬ್ಬಳು ಬಸ್‌ಸ್ಟ್ಯಾಂಡಲ್ಲಿ ಮಲಗಿದ ಹಾಗೆ ಮಲಗ್ಬೇಕು."

ಒಲೆ ಹಚ್ಚಿದೆ. ಸೌದೆ ಹಸಿಯಾಗಿತ್ತು, ಹೊಗೆ ತುಂಬಿತು, ಇಬ್ಬರ ಕಣ್ಣಲ್ಲೂ ನೀರು ಬಂತು. ಹಾವುಮೀನು ಬಿಸಿಮಾಡಿ ಕೊಟ್ಟೆ. ತಿಂದರು. ಉಪ್ಪು ಜಾಸ್ತಿ ಎಂದರು, ಇನ್ನೊಂದು ತುಂಡು ಕೇಳಿದರು.

ಆ ಜಾಗದ ಮೇಲೆ ನನ್ನ ಹಕ್ಕು ಎಷ್ಟೋ ಅವರದೂ ಅಷ್ಟೇ. ಬಿಟ್ಟುಕೊಡುವುದೂ ನನಗೆ ಇಷ್ಟವಿಲ್ಲ. ಅವನು ಕುಂಚದಿಂದ ತೋರಿಸಿದ ಜಾಗ ಅದು. ಹಾಗೆಂದೇ ಹೇಳಿದೆ.

"ಸರಿ ಹಾಗಾದ್ರೆ," ಎಂದರು. "ನಮ್ಮಿಬ್ಬರಲ್ಲಿ ಯಾರು ಮೊದಲು ಹೋಗ್ತಾರೋ ಜಾಗ ಅವರ್ದು. ಉಳಿದೋಳು ಬಸ್‌ಸ್ಟ್ಯಾಂಡಿಗೆ."

"ಮೋಸ ಇದು. ನೀವು ನನಗಿಂತ ಹದಿನೆಂಟು ವರ್ಷ ಮುಂದಿದ್ದೀರಿ."

"ಓಡು ಹಾಗಾದ್ರೆ. ಯಾರು ಹಿಡ್ಕೊಂಡಿದ್ದಾರೆ?"

"ನನಗೇನೂ ಆತುರ ಇಲ್ಲ," ಎಂದೆ.

"ನಂಗೂ ಇಲ್ಲ. ಕೈ ಕೊಡು."

ಕೈ ಕೊಟ್ಟೆ. ಕೈ ತಣ್ಣಗಿತ್ತು ಅವರದು. ಗಟ್ಟಿಯಾಗಿ ಹಿಡಿದರು, ಶಾಲೆಯಲ್ಲಿ ಬಳಪ ಹಿಡಿಸುತ್ತಿದ್ದ ಹಾಗೆ. ಬರುವಾಗ ನಮ್ಮ ಕೊಟ್ಟಿಗೆಯಿಂದ ಒಣ ಸೌದೆ ಕಳಿಸುತ್ತೇನೆ ಎಂದೆ.

೨ ಮೇ, ಮಂಗಳವಾರ

ಮೂಲಂಗಿ, ಹುರುಳಿಕಾಯಿ ಬೀಜ ತಂದೆ. ಬೇಲಿಗೆ ಹೊಡೆಯಲು ಕಪ್ಪು ಬಣ್ಣ ಒಂದು ಡಬ್ಬಿ. ಓನೊರಿನ್ ಮಧ್ಯಾಹ್ನ ಊಟಕ್ಕೆ ಬಂದಿದ್ದರು. ಬಣ್ಣದ ವಾಸನೆ ಕಂಡುಹಿಡಿದು, "ಹೋದ ವರ್ಷ ಬೇಲಿ ಬಾಗಿಲ ಕೆಳಗಡೆ ಅವನು ಸರಿಯಾಗಿ ಬಳಿದಿಲ್ಲ, ತುಕ್ಕು ಕೈಗೆ ತಾಗುತ್ತೆ," ಎಂದರು. ಕಣ್ಣಿಗೆ ಡಾಕ್ಟರ ಹತ್ತಿರ ಹೋಗೋಣ ಎಂದರೆ ಈ ವಯಸ್ಸಿನಲ್ಲಿ ನೋಡುವುದೇನಿದೆ ಎಂದರು. ಆ ಪುಟ ಇದೆಯಲ್ಲ ಎಂದೆ. ಯೋಚಿಸುತ್ತಿದ್ದಾರೆ.

೧೦ ಮೇ, ಬುಧವಾರ

ಸಂಜೆ ಆರೂವರೆ. ಬೆಳಿಗ್ಗೆ ಕ್ಲೋವಿಸ್‌ನನ್ನು ಮಣ್ಣು ಮಾಡಿದೆವು.

ನದಿಯಲ್ಲಿ ಮಂಜುಗಡ್ಡೆ ಪೂರ್ತಿ ಹೋಗಿದೆ. ನೀರು ಏರುವ ಹೊತ್ತು, ಅದರ ಸದ್ದು ಬೇಲಿಯವರೆಗೂ ಬರುತ್ತಿತ್ತು. ಲುಜೆ ನೀಟಾಗಿ ತೋಡಿದ್ದ. ಒಳಗೆ ಮಣ್ಣು ಕಪ್ಪಗೆ ಒದ್ದೆಯಾಗಿತ್ತು. ಓನೊರಿನ್ ನನ್ನ ತೋಳು ಹಿಡಿದು ನಿಂತಿದ್ದರು, ದಾರಿ ಕಾಣಲೆಂದು. ಆದರೆ ಪೆಟ್ಟಿಗೆ ಇಳಿಸುವಾಗ ನನ್ನನ್ನು ಹಿಡಿದುಕೊಂಡದ್ದು ಅವರು.

ಎಲ್ಲರೂ ಹೋದ ಮೇಲೆ ಓನೊರಿನ್ ಕೋಲಿನಿಂದ ಪಕ್ಕದ ಹುಲ್ಲನ್ನು ತಟ್ಟಿ ಅಳೆದರು.

"ಇಕ್ಕಟ್ಟಾಗಿದೆ ಕಣೇ. ನಿನಗೆ ಸಾಲಲ್ಲ. ನೀನು ದಪ್ಪ ಆಗ್ತಿದ್ದೀಯ."

"ನಿಮ್ಮ ಉಪ್ಪಿನ ಗಲಾಟೇಲಿ ದಿನಾ ಎರಡೆರಡು ಅಡುಗೆ ಮಾಡ್ತಿದ್ದೀನಲ್ಲ, ಅದಕ್ಕೇ."

ಆಮೇಲೆ ಪಾದ್ರಿಮನೆಗೆ ಹೋಗಿ ಪುಸ್ತಕದಲ್ಲಿ ಸಹಿ ಮಾಡಿದೆ. ದೆಲಿಮಾ ಪ್ಲೂರ್ದ್ ಎಂದು. ಫಾದರ್ ರೆಜಾನ್ ಕ್ಲೋವಿಸ್‌ನ ಹೆಸರನ್ನು ಪೂರ್ತಿ ಬರೆದಿದ್ದರು, ಬಾರ್ಸಲು, ಲಾತೆರರ್ ಎಂದೂ ಕರೆಯುವವನು. ಓನೊರಿನ್ ಪುಟದ ಮೇಲೆ ಬೆರಳಾಡಿಸಿ, ಶಾಯಿ ಆರಿದೆಯೇ ಎಂದು ನೋಡಿ, ಹಳೆಯ ಪುಸ್ತಕ ಎಲ್ಲಿದೆ ಎಂದು ಕೇಳಿದರು. ಕಪಾಟಿನಲ್ಲಿದೆ ಎಂದೆ. ಅದನ್ನು ಯಾರೂ ಅಲ್ಲಿಂದ ತೆಗೆಯಕೂಡದು, ನಾನು ಬಂದು ನನ್ನ ಕಣ್ಣಲ್ಲೇ ಓದುವವರೆಗೆ, ಎಂದು ಫಾದರ್‌ಗೆ ಬೆರಳು ತೋರಿಸಿ ಹೇಳಿದರು. ಬೆರಳು ಸ್ವಲ್ಪ ಪಕ್ಕಕ್ಕೆ, ಟೋಪಿ ಗೂಟದ ಕಡೆಗೆ ಇತ್ತು.

ಮೂಲಂಗಿ ಮೊಳಕೆ ಬಂದಿದೆ. ಬೂಟು ತೊಳೆದು ಒಲೆಯ ಬಳಿ ಒಣಗಲು ಇಟ್ಟಿದ್ದೇನೆ.

ನಾಳೆ ಏಳು ಗಂಟೆಯ ಬಸ್ಸಿಗೆ ಓನೊರಿನ್‌ರನ್ನು ಕರೆದುಕೊಂಡು ರಿವಿಯೆರ್-ದು-ಲೂಪ್ ಪಟ್ಟಣದ ಕಣ್ಣಿನ ಡಾಕ್ಟರ ಬಳಿ ಹೋಗಬೇಕು.